ಪರದೆಯೊಳಗಿನ ಮನೆ

ಕಾರು ಸ್ಟಾರ್ಟ್ ಆಗದಿದ್ದರೆ ಚೆನ್ನಾಗಿತ್ತು ಎಂದು ಕೀಲಿ ತಿರುಗಿಸುವಾಗಲೂ ಅವನಿಗೆ ಅನ್ನಿಸುತ್ತಿತ್ತು. ಚಳಿಯ ಬೆಳಗುಗಳಲ್ಲಿ ಎಷ್ಟು ಸಲ ಕೆಮ್ಮಿದರೂ ಜೀವ ಹಿಡಿಯದ ಗಾಡಿ, ಈವತ್ತು ಬೇಕೆಂದೇ ಮೊದಲ ತಿರುವಿಗೆ ಗುರ್ರೆಂದಿತು. ಹೆಂಡತಿ ಆಗಲೇ ಪಕ್ಕದಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಗಾಜಿನಾಚೆ ನೋಡುತ್ತಿದ್ದಳು.

"ಗ್ಯಾಸ್ ಆರಿಸಿದ್ಯಾ?"

"ಆರಿಸಿದೀನಿ."

"ಹಿಂದಿನ ಬಾಗಿಲು?"

"ಅದನ್ನೂ ಹಾಕಿದೀನಿ. ನಿಮಗೆ ಬರೋಕೆ ಇಷ್ಟ ಇಲ್ದಿದ್ರೆ ಹೇಳಿಬಿಡಿ ರೀ. ಬಸ್ಸಿದೆ, ನಾನೊಬ್ಬಳೇ ಹೋಗಿಬರ್ತೀನಿ."

ಇಷ್ಟ ಇಲ್ಲವೆಂದು ಯಾರು ಹೇಳಿದರು ಎಂದು ಗೊಣಗಿ ಅವನು ಗೇರ್ ಹಾಕಿದ. ನಿನ್ನೆ ಚಹಾ ಕುಡಿಯುವಾಗ ಪತ್ರಿಕೆಯ ಒಳಪುಟದ ಮೂಲೆಯಿಂದ ಅವಳು ಗಟ್ಟಿಯಾಗಿ ಓದಿ ಹೇಳಿದ್ದಳು: ಊರಾಚೆ, ಜನ ಬಯಲಲ್ಲಿ ಕಾರೊಳಗೇ ಕೂತು ಸಿನಿಮಾ ನೋಡುತ್ತಿದ್ದ ಹಳೆಯ ಕಾರ್ ಟಾಕೀಸಿನ ಪರದೆಯನ್ನು ಈ ವಾರ ಬಿಚ್ಚುತ್ತಾರಂತೆ, ಅಲ್ಲಿ ಗೋದಾಮು ಬರುತ್ತದಂತೆ. ಓದಿ ಮುಗಿಸಿ ಪತ್ರಿಕೆ ಮಡಚಿಟ್ಟು, "ನಾಳೆ ಹೋಗಿ ನಮ್ಮನೆ ನೋಡ್ಕೊಂಡು ಬರೋಣ" ಅಂದಿದ್ದಳು. ನಮ್ಮನೆ. ಆ ಮಾತು ರಾತ್ರಿಯಿಡೀ ಅವನನ್ನು ಬಿಟ್ಟಿರಲಿಲ್ಲ.

ಕೆಲಸದಲ್ಲಿದ್ದಷ್ಟು ಕಾಲ ಅವನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಮಾರುಕಟ್ಟೆಯವರು ಇಟ್ಟ ಹೆಸರು ತಕ್ಕಡಿ. 'ತಕ್ಕಡಿ ಬಂದ' ಎಂಬ ಪಿಸುಮಾತು ಬೀದಿಯ ಆ ತುದಿಯಿಂದ ಈ ತುದಿಗೆ ಅವನಿಗಿಂತ ಮೊದಲೇ ಓಡುತ್ತಿತ್ತು, ಅಂಗಡಿಯವರ ಕೈಗಳು ಗಲ್ಲಾದ ಕೆಳಗೆ ಏನನ್ನೋ ಸರಿಸಿಕೊಳ್ಳುತ್ತಿದ್ದವು. ಎಲ್ಲರೂ ಒಂದಿಷ್ಟು ಕೈಚಳಕ ಮಾಡುತ್ತಾರೆ, ಮಾಡದವನು ಇನ್ನೂ ಹುಟ್ಟಿಲ್ಲ ಎನ್ನುವುದನ್ನು ಆ ಕೆಲಸ ಅವನ ಮೂಳೆಗೆ ಇಳಿಸಿತ್ತು. ಅವಳೋ ಶಿಶುವಿಹಾರದ ಟೀಚರ್. ಇಲಿ ಮಾತಾಡುತ್ತದೆ, ಚಂದ್ರ ಮುನಿಸಿಕೊಳ್ಳುತ್ತಾನೆ ಎಂದು ಹೇಳುವುದೇ ಕಸುಬಾಗಿದ್ದವಳು. ಮದುವೆಯಾದ ಹೊಸದರಲ್ಲಿ ಅವಳು ತಾನು ಹುಟ್ಟಿ ಬೆಳೆದ ಮನೆ ಸಿನಿಮಾ ಪರದೆಯ ಒಳಗಿತ್ತು ಎಂದಾಗ ಅವನು ನಕ್ಕಿದ್ದ. ಪರದೆಯ ಹತ್ತಿರವಾ? ಹತ್ತಿರ ಅಲ್ಲ, ಒಳಗೇ. ಕಾರ್ ಟಾಕೀಸಿನ ಪರದೆ ಅಂದರೆ ಬಟ್ಟೆಯಲ್ಲ, ಮೂರಂತಸ್ತಿನ ಗೋಪುರ. ಗಾಳಿಗೆ ನಿಲ್ಲಬೇಕಲ್ಲ, ಅದಕ್ಕೆ ಹಿಂದೆ ಆಸರೆ ಕೊಟ್ಟು ಕಟ್ಟಿದ್ದರು, ಒಳಗೆಲ್ಲ ಪೊಳ್ಳು, ಆ ಪೊಳ್ಳಿನಲ್ಲಿ ಟಾಕೀಸು ನೋಡಿಕೊಳ್ಳುವವನ ಸಂಸಾರಕ್ಕೆಂದು ಮಾಲೀಕ ಕೋಣೆಗಳನ್ನು ಮಾಡಿಸಿದ್ದ. ಕೆಳಗೆ ಅಡುಗೆಮನೆ, ಮಧ್ಯೆ ಮಲಗುವುದು, ಮೇಲೆ ಅಪ್ಪ ಪರದೆಗೆ ಬಳಿಯುವ ಬಣ್ಣದ ಡಬ್ಬಿಗಳು. ಹಿಂದುಗಡೆ ನೀಲಿ ಬಾಗಿಲು. ಅವಳು ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ಅವಳ ಅಪ್ಪ ಅಷ್ಟರಲ್ಲೇ ತೀರಿಹೋಗಿದ್ದರು, ತಾಯಿ ಮಗಳು ಊರೊಳಗೆ ಬಾಡಿಗೆಗೆ ಇದ್ದರು, ಟಾಕೀಸು ಮುಚ್ಚಿಹೋಗಿತ್ತು. ಸಾಕ್ಷಿಗೆ ಏನೂ ಇರಲಿಲ್ಲ.

ಹೆದ್ದಾರಿಗೆ ಸೇರಿದ ಮೇಲೆ ಅವಳು ಕಿಟಕಿಯ ಗಾಜು ಇಳಿಸಿದಳು. ಗಾಳಿಗೆ ನರೆತ ಕೂದಲು ಹಾರಿ ಬಾಯಿಗೆ ಬೀಳುತ್ತಿದ್ದರೂ ಸರಿಪಡಿಸಿಕೊಳ್ಳಲಿಲ್ಲ. ನನ್ನ ಹೆಂಡತಿ ನೋಡಿ, ಸಿನಿಮಾದ ಒಳಗೇ ಹುಟ್ಟಿದವಳು, ಇಂಟರ್ವಲ್ಲಿನಲ್ಲಿ ಹೊರಗೆ ಬಂದು ನನ್ನ ಕೈಗೆ ಸಿಕ್ಕಿಹಾಕಿಕೊಂಡಳು — ಸಹೋದ್ಯೋಗಿಗಳ ಮನೆಯ ಊಟಗಳಲ್ಲಿ ಅವನು ಹೀಗೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಟಾರ್ಚಿನ ಕತೆ ಹೇಳು, ಟಾರ್ಚಿನ ಕತೆ ಹೇಳು ಎಂದು ಅವನೇ ಕೆಣಕುತ್ತಿದ್ದ. ಚಿಕ್ಕವಳಿದ್ದಾಗ ಸಿನಿಮಾ ನಡೆಯುತ್ತಿರುವಾಗ ಮಂಚದ ಕೆಳಗೆ ಚಪ್ಪಲಿ ಹುಡುಕಲು ಟಾರ್ಚು ಹಾಕಿದಳಂತೆ, ಪರದೆಯ ಮೊಳೆ ತೂತಿನಿಂದ ಬೆಳಕು ಆಚೆ ಹೋಗಿ ನಾಯಕಿಯ ಕೆನ್ನೆಯ ಮೇಲೆ ಮಿನುಗುವ ಮಚ್ಚೆಯೊಂದು ಮೂಡಿ ಓಡಾಡಿತಂತೆ, ಬಯಲಿನ ಕಾರುಗಳೆಲ್ಲ ಒಟ್ಟಿಗೆ ಹಾರನ್ ಬಾರಿಸಿದವಂತೆ. ಊಟದ ಮೇಜು ಬಿದ್ದು ಬಿದ್ದು ನಗುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಒಂದು ಸಂಜೆ, ಅಪ್ಪಾ ಅಮ್ಮನ ಆ ಮನೆ ನಿಜವಾಗ್ಲೂ ಇತ್ತಾ ಎಂದು ಕೇಳಿದಳು. ಅವನು ಪತ್ರಿಕೆಯಿಂದ ತಲೆಯೆತ್ತದೆ, "ಅಮ್ಮನ ಕತೆನಾ? ಅರ್ಧ ತೂಕಕ್ಕೆ ತಗೋ" ಅಂದ. ಒಳಗೆ ಪಾತ್ರೆ ತೊಳೆಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅಷ್ಟೇ ಆಗಿದ್ದು. ಆಮೇಲೆ ಯಾವಾಗಿನಿಂದಲೋ ಅವಳು ಆ ಮನೆಯ ಸುದ್ದಿ ಎತ್ತುವುದನ್ನು ಬಿಟ್ಟಿದ್ದಳು. ಬಿಟ್ಟಿದ್ದಾಳೆಂಬುದು ಅವನಿಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ, ಗೋಡೆಯ ಗಡಿಯಾರ ನಿಂತಿದೆಯೆಂದು ತಟ್ಟನೆ ಗೊತ್ತಾಗುವ ಹಾಗೆ.

ಇಷ್ಟು ಹತ್ತಿರದ ಜಾಗ. ಒಮ್ಮೆಯಾದರೂ ಕರೆದುಕೊಂಡು ಬರಬಹುದಿತ್ತು. ಬೇಲಿ ಹಾಕಿದ್ದಾರೆ, ಹಳೇ ಕಾರು ಮಾರೋರು ಇಟ್ಕೊಂಡಿದ್ದಾರೆ, ಅಲ್ಲೇನಿದೆ ನೋಡೋಕೆ ಎಂದು ಒಂದಲ್ಲ ಒಂದು ನೆಪ ಹೇಳುತ್ತಿದ್ದ. ತಪಾಸಣೆಯೇ ಕಸುಬಾದವನು ತನ್ನ ಮನೆಯ ಒಂದು ಮಾತನ್ನು ತಪಾಸಣೆ ಮಾಡದೆ ಬಿಟ್ಟದ್ದು ಯಾಕೆ? ತೂಕದ ಕಲ್ಲು ಸುಳ್ಳೆಂದು ಗೊತ್ತಾದರೆ ಅದನ್ನು ಕಿತ್ತುಕೊಳ್ಳಲೇಬೇಕು, ಅದು ನಿಯಮ. ಕಿತ್ತುಕೊಂಡ ಮೇಲೆ ಅವಳ ಕೈಯಲ್ಲಿ ಏನು ಉಳಿಯುತ್ತಿತ್ತು? ಹೀಗೆ ತನ್ನನ್ನು ತಾನು ದಯಾಳುವೆಂದುಕೊಳ್ಳುತ್ತಿದ್ದ. ಈಗ, ಹೊಲಗಳ ನಡುವೆ ದೂರದಲ್ಲಿ ಬಿಳಿಯದೊಂದು ಎದ್ದು ನಿಂತದ್ದು ಕಾಣಿಸುವಾಗ, ಆ ದಯೆಯ ಕೆಳಗೆ ಬೇರೊಂದು ಇದ್ದಂತೆ ಅನ್ನಿಸಿ ಕಸಿವಿಸಿಯಾಯಿತು. ಅವನ ಬಾಲ್ಯ ಎರಡು ಕೋಣೆಯ ಬಾಡಿಗೆ ಮನೆ, ಕೆಳಗೆ ಹಿಟ್ಟಿನ ಗಿರಣಿ, ದಿನವಿಡೀ ಗಡಗಡ. ಹೇಳಿಕೊಳ್ಳಲು ಒಂದು ಕತೆಯೂ ಇರಲಿಲ್ಲ.

"ಬಂತು," ಎಂದಳು ಅವಳು. ಅಷ್ಟೇ.

ಬಯಲು ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಟಿಕೆಟ್ಟಿನ ಗೂಡು ತಲೆ ಕಳೆದುಕೊಂಡು ನಿಂತಿತ್ತು. ಒಳಗೆ ಕಾಲಿಟ್ಟರೆ ನೆಲ ಸಮವಾಗಿರಲಿಲ್ಲ, ಯಾರೋ ಬೃಹತ್ತಾದ ಬಾಚಣಿಗೆಯಿಂದ ಬಾಚಿದ ಹಾಗೆ ಉದ್ದುದ್ದ ದಿಬ್ಬಗಳು, ಪರದೆಯನ್ನು ಸುತ್ತುವರಿದು ಬಿಲ್ಲಿನಂತೆ ಬಾಗಿದ ಸಾಲುಗಳು. ದಿಬ್ಬದಗುಂಟ ಎದೆಯೆತ್ತರದ, ಕೆಲವು ಮೊಣಕಾಲಿಗೇ ಮುರಿದ, ತುಕ್ಕು ಹಿಡಿದ ಕಂಬಗಳು. ಅವಳು ಒಂದೊಂದನ್ನೂ ಕೈಯಲ್ಲಿ ತಟ್ಟುತ್ತ ನಡೆದಳು. ಈ ಕಂಬಕ್ಕೆ ಎರಡು ಸ್ಪೀಕರು ನೇತು ಹಾಕಿರುತ್ತಿದ್ದರು, ಕಾರಿನವರು ಅದನ್ನು ತೆಗೆದು ತಮ್ಮ ಕಿಟಕಿಯ ಗಾಜಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ವಾಪಸು ಇಡಲು ಮರೆತು ಹೊರಟರೆ ವಯರು ಕಿತ್ತು ಬರುತ್ತಿತ್ತು, ಬೆಳಗ್ಗೆ ಎದ್ದು ಅಪ್ಪನಿಗೆ ಅದೇ ಕೆಲಸ. ಕೈಗೂಸಿದ್ದವರಿಗೆ ಇದು ದೊಡ್ಡ ವರ. ಬೇರೆ ಟಾಕೀಸಿನಲ್ಲಿ ಮಗು ಅತ್ತರೆ ಎಲ್ಲರೂ ತಿರುಗಿ ನೋಡುತ್ತಾರೆ, ಇಲ್ಲಿ ಅವರವರ ಕಾರಿನೊಳಗೆ ಅವರವರ ಅಳು. ನಡೆಯಲಾಗದ ಮುದುಕರನ್ನು ಹೊದಿಕೆ ಸುತ್ತಿ ಕರೆತರುತ್ತಿದ್ದರು. ಗಾರೆ ಕೆಲಸದವರು ಮೈತುಂಬ ಸುಣ್ಣದಲ್ಲೇ ಬಂದು ಕೂರುತ್ತಿದ್ದರು, ಯಾರಿಗೆ ಕಾಣಬೇಕು? ಅವಳು ಮಾತಾಡುತ್ತಲೇ ಇದ್ದಳು, ಮತ್ತೆ ಕೈ ತಿರುಗಿಸುತ್ತಿದ್ದಳು. ಆಮೇಲೆ ಮನೆಮನೆಗೂ ಟೀವಿ ಬಂತು, ಜನ ಕಡಿಮೆಯಾದರು, ಊರು ಬೆಳೆದು ಜಾಗಕ್ಕೆ ಬೆಲೆ ಬಂತು, ಮಾಲೀಕನ ಮಕ್ಕಳಿಗೆ ಸಾಕಾಯಿತು. ಇಡೀ ಬಯಲಿನ ತಲೆಯ ಮೇಲೆ ಪರದೆ ನಿಂತಿತ್ತು. ಅಲ್ಲಲ್ಲಿ ಬಿಳಿ ಬಳಿದ ಗಟ್ಟಿ ಹಾಳೆ ಉದುರಿ ಕಬ್ಬಿಣದ ಪಕ್ಕೆಲುಬು ಕಾಣುತ್ತಿತ್ತು. ಆದರೂ ಅದರ ನಿಲುವಿನಲ್ಲಿ ಒಂದು ಗತ್ತು. ಬೆಳಗಿನ ಬಿಸಿಲು ನೇರ ಅದರ ಮುಖಕ್ಕೆ ಬೀಳುತ್ತಿತ್ತು. ಸಂಜೆಯ ಬಿಸಿಲು ಬೆನ್ನಿಗೆ ಬೀಳಲೆಂದು ಪೂರ್ವಕ್ಕೆ ಮುಖ ಮಾಡಿಸಿದ್ದು, ಹೊತ್ತು ಇಳಿಯುತ್ತಿದ್ದಂತೆ ಸಿನಿಮಾ ಶುರು ಮಾಡಬಹುದಲ್ಲ ಎಂದಳು. ಇದನ್ನು ಕಟ್ಟಿದವರು ಸಾಮಾನ್ಯರಲ್ಲ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಸುತ್ತು ಹಾಕಿ ಹಿಂದಕ್ಕೆ ಬಂದಾಗ ಅವಳ ಮಾತು ನಿಂತಿತು.

ಹಿಂದುಗಡೆ ಏನೂ ಇರಲಿಲ್ಲ. ನೆಲದಿಂದ ತುದಿಯವರೆಗೆ ಬೂದು ಬಣ್ಣದ ತಗಡು, ಒಂದರ ಮೇಲೊಂದು ಹೊದಿಸಿದ್ದು. ಬಾಗಿಲಿಲ್ಲ, ಕಿಟಕಿಯಿಲ್ಲ. ಕೆಳಗೆ ಒಂದು ಮೂಲೆಯಲ್ಲಿ ನಾಲ್ಕಾರು ಕೆಲಸಗಾರರು ಹಗ್ಗ ಬಿಚ್ಚುತ್ತಿದ್ದರು. ಹಳದಿ ಹೆಲ್ಮೆಟ್ಟಿನ ಒಬ್ಬಾತ, ಬಿಚ್ಚುವ ಕೆಲಸದ ಗುತ್ತಿಗೆದಾರ, ಇವರ ಕಡೆ ಬಂದ.

"ಏನಮ್ಮಾ, ಯಾರನ್ನ ನೋಡ್ಬೇಕಿತ್ತು?"

"ಯಾರನ್ನೂ ಇಲ್ಲಪ್ಪ. ಇಲ್ಲಿ ನಮ್ಮನೆ ಇತ್ತು. ಒಂದ್ಸಲ ನೋಡೋಣ ಅಂತ ಬಂದ್ವಿ."

"ಇಲ್ಲಿ ಅಂದ್ರೆ?"

"ಇದರೊಳಗೆ," ಎಂದು ಅವಳು ತಗಡಿನ ಕಡೆ ಕೈ ತೋರಿಸಿದಳು.

ಗುತ್ತಿಗೆದಾರ ತಗಡನ್ನು ನೋಡಿದ, ಅವಳನ್ನು ನೋಡಿದ, ಕೊನೆಗೆ ಅವಳ ಗಂಡನನ್ನು ನೋಡಿದ. ಆ ನೋಟ ಅವನಿಗೆ ಚಿರಪರಿಚಿತ. ತಾನೇ ಎಷ್ಟೋ ಊಟದ ಮೇಜುಗಳ ಆಚೆ ಕೂತವರಿಗೆ ಅವಳ ತಲೆಯ ಮೇಲಿನಿಂದ ಕೊಟ್ಟಿದ್ದ ನೋಟ.

"ಮನೆ ಗಿನೆ ಏನಿಲ್ಲಮ್ಮ. ನಮ್ಗೆ ಕೊಟ್ಟಿರೋ ನಕ್ಷೇಲಿ ಇದು ಸ್ಟೋರು ಅಂತಿದೆ. ಬೇರೆ ಕಡೆ ಇದ್ದಿರ್ಬೇಕು, ಆ ಟಿಕೆಟ್ ಗೂಡಿನ ಪಕ್ಕ ಏನಾದ್ರೂ. ಬಹಳ ವರ್ಷ ಆಗಿದೆಯಲ್ಲ, ನೆನಪು ಕಲಸಿಹೋಗಿರುತ್ತೆ."

ಅವಳು ಎರಡು ಹೆಜ್ಜೆ ಹಿಂದೆ ಸರಿದು ತಗಡನ್ನೇ ಮೇಲಿಂದ ಕೆಳಗೆ ನೋಡಿದಳು, ಕರಿಹಲಗೆಯ ಮೇಲೆ ಯಾರೋ ಅಳಿಸಿದ್ದನ್ನು ಓದಲು ಯತ್ನಿಸುವವಳ ಹಾಗೆ. ಅವಳ ಬಾಯಿ ಒಂದಿಷ್ಟು ತೆರೆದಿತ್ತು. ಇಲ್ಲಿಯವರೆಗೂ ಬಂದಿದ್ದಕ್ಕೆ ಕೊನೆಗೂ ಸಿಕ್ಕಿಬಿದ್ದಳು ಎಂಬ ಹಳೆಯ ಖುಷಿ, ಗಲ್ಲಾದ ಕೆಳಗಿನ ಕಳ್ಳ ಕಲ್ಲು ಕೈಗೆ ತಾಗಿದಾಗಿನ ಆ ಜುಮ್ಮೆನ್ನುವ ಖುಷಿ, ಅವನ ಎದೆಯಲ್ಲಿ ಎದ್ದೇಬಿಟ್ಟಿತು. ಎದ್ದದ್ದೇ ತಡ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಈ ಕ್ಷಣಕ್ಕಾಗಿ ಕಾದಿದ್ದೆನೇ? ಒಟ್ಟಿಗೆ ಉಂಡು, ಮಲಗಿ, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವಳ ಬಾಯಿ ಹೀಗೆ ತೆರೆದು ನಿಲ್ಲುವುದನ್ನು ನೋಡಲಿಕ್ಕೆ?

"ಇತ್ತು," ಎಂದ ಅವನು. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಕೆಲಸಗಾರರು ತಿರುಗಿ ನೋಡಿದರು.

"ಏನಂದ್ರಿ ಸಾರ್?"

"ಮನೆ ಇತ್ತು. ನಾನೇ ನೋಡಿದೀನಿ. ಮದುವೆಗೆ ಮುಂಚೆ ಒಂದ್ಸಲ ಬಂದಿದ್ದೆ ಇವರ ಮನೆಗೆ. ಅಗೋ ಅಲ್ಲಿ, ಆ ಮೂರನೇ ತಗಡಿನ ಹತ್ತಿರ ನೀಲಿ ಬಾಗಿಲಿತ್ತು. ನಾನೇ ಕೈಯಾರೆ ತಟ್ಟಿದೀನಿ. ನಿಮ್ಮ ನಕ್ಷೆ ಯಾರು ಬರೆದ್ರೋ ಏನೋ. ನಾನು ಸರ್ಕಾರಿ ಅಧಿಕಾರಿಯಾಗಿದ್ದೋನು, ಸುಮ್ಸುಮ್ನೆ ಮಾತಾಡೋನಲ್ಲ."

ತನ್ನ ಬಾಯಿಂದ ಬಂದದ್ದನ್ನು ಅವನೇ ಬೆರಗಾಗಿ ಕೇಳಿಸಿಕೊಂಡ. ಇಷ್ಟು ಸರಾಗವಾಗಿ, ತಗಡಿನ ಲೆಕ್ಕವನ್ನೂ ಸೇರಿಸಿ. ಹೆಂಡತಿ ಅವನ ಕಡೆ ತಿರುಗಿದ್ದಳು. ಅವನು ಅವಳನ್ನು ನೋಡಲಿಲ್ಲ, ಗುತ್ತಿಗೆದಾರನ ಹೆಲ್ಮೆಟ್ಟನ್ನೇ ನೋಡುತ್ತ ನಿಂತ. ಕಿವಿ ಬಿಸಿಯಾಗಿತ್ತು.

ಗುತ್ತಿಗೆದಾರ ಕುತ್ತಿಗೆ ಕೆರೆದುಕೊಂಡ. "ಆಯ್ತು ಬಿಡಿ ಸಾರ್, ಹೇಗೂ ಈ ತಗಡು ಇವತ್ತೇ ತೆಗೀಬೇಕು. ಕೆಳಗಿಂದಾನೇ ಶುರು ಮಾಡಿಸ್ತೀನಿ. ದೂರ ನಿಂತ್ಕೊಳಿ."

ಮೊದಲ ತಗಡು ಬಿದ್ದಾಗ ಬರೀ ಧೂಳು. ಎರಡನೆಯದರ ಹಿಂದೆ ಹಲಗೆಯ ಗೋಡೆ. ಮೂರನೆಯದು ಸರಿದಾಗ, ಅವನು ಹೇಳಿದ ಜಾಗದಲ್ಲೇ ಅಲ್ಲ, ಒಂದು ಮಾರು ಎಡಕ್ಕೆ, ಬಾಗಿಲಿನ ಚೌಕಟ್ಟು ಕಂಡಿತು. ಬಾಗಿಲೂ ಇತ್ತು. ಬಣ್ಣ ಸುಲಿದು ಹೋಗಿತ್ತು, ಆದರೆ ಚಿಲಕದ ಸುತ್ತ, ಕೈ ತಾಗದ ಸಂದುಗಳಲ್ಲಿ, ನೀಲಿ.

"ಅರೆ," ಎಂದ ಗುತ್ತಿಗೆದಾರ.

ಒಳಗೆ ಹೋಗುವಾಗ ಅವಳೇ ಮುಂದೆ. ಹೊರಗಿನ ಬಿಸಿಲಿನಿಂದ ಬಂದ ಅವನಿಗೆ ಕಣ್ಣು ಕಟ್ಟಿ, ಮೊಣಕಾಲು ಯಾವುದಕ್ಕೋ ಬಡಿಯಿತು. ಅವಳಿಗೆ ಏನೂ ಬಡಿಯಲಿಲ್ಲ. "ಎಡಕ್ಕೆ ಬನ್ನಿ, ಅಲ್ಲೊಂದು ಮೆಟ್ಟಿಲಿದೆ" ಎಂದು ಅವಳ ದನಿ ಮುಂದೆಲ್ಲಿಂದಲೋ ಬಂತು. ಕಣ್ಣು ಹೊಂದಿಕೊಂಡಂತೆ ಒಂದೊಂದೇ ಕಾಣತೊಡಗಿತು: ಹೊಗೆ ಹಿಡಿದ ಒಲೆಯ ಗೋಡೆ, ಕಲ್ಲಿನ ತೊಟ್ಟಿ, ಕಪಾಟಿನ ಹಲಗೆಗಳು. ಪರದೆಯ ಕಡೆಯ ಗೋಡೆಯೂ ಅದರೆದುರಿನ ಗೋಡೆಯೂ ಒಂದೇ ದಿಕ್ಕಿಗೆ ಓಲಿದ್ದವು, ಇಡೀ ಮನೆಯೇ ಮುಂದಕ್ಕೆ ಬಾಗಿ ಸಿನಿಮಾ ನೋಡಲು ಕೂತ ಹಾಗೆ. ಹಿಂದಿನ ಗೋಡೆಯ ಮೊಳೆಗೆ ಸಿಕ್ಕಿಸಿದ ತಂತಿಯ ತುಂಡೊಂದು ಗೋಡೆಗೆ ತಾಗದೆ ಗಾಳಿಯಲ್ಲಿ ನೇತಾಡುತ್ತಿತ್ತು. ಆಮೇಲೆ ಅವನು ಚುಕ್ಕಿಗಳನ್ನು ಕಂಡ. ಪರದೆಯ ಹಾಳೆಗಳ ಮೊಳೆ ತೂತುಗಳಿಂದ ಬಿಸಿಲು ಒಳಗೆ ಬಂದು ಹಿಂದಿನ ಗೋಡೆಯ ಮೇಲೆ, ಒಲೆಯ ಮೇಲೆ, ಅವಳ ಬೆನ್ನ ಮೇಲೆ ಹರಡಿತ್ತು. ಮೋಡ ಬಂದು ಎಲ್ಲವೂ ಒಟ್ಟಿಗೆ ಆರಿದವು, ಮೋಡ ಸರಿದು ಒಟ್ಟಿಗೆ ಹೊತ್ತಿಕೊಂಡವು. ಸಿನಿಮಾದಲ್ಲಿ ಸಮುದ್ರ ಬಂದರೆ ನಮ್ಮ ಗೋಡೆಯೆಲ್ಲ ನೀಲಿ ಚುಕ್ಕಿ ರೀ, ಬೆಂಕಿ ಬಿದ್ದರೆ ಕೆಂಪು ಚುಕ್ಕಿ. ಅವಳು ಎಂದೋ ಹೇಳಿದ್ದಳು. ಅವನು ಅದಕ್ಕೆ ಏನೋ ಅಂದಿದ್ದ. ಏನೆಂಬುದು ನೆನಪಿಗೆ ಬರದೆ ಹೋದದ್ದೇ ಪುಣ್ಯ ಎನ್ನಿಸಿತು. ಅಂಗೈ ಚಾಚಿ ಒಂದು ಚುಕ್ಕಿಯನ್ನು ಹಿಡಿದ. ಅದಕ್ಕೆ ತೂಕವಿರಲಿಲ್ಲ.

"ಮೆಟ್ಟಿಲು ಹತ್ತಬಹುದಾ?" ಎಂದ.

"ಗೋಡೆ ಕಡೆಗೇ ಕಾಲಿಡಿ. ಗೋಡೆಗೆ ಇರೋದನ್ನ ಹಿಡ್ಕೊಳಿ."

ಕೈಗೆ ಸಿಕ್ಕಿದ್ದು ಕಂಬಿಯಲ್ಲ, ಗೋಡೆಯುದ್ದಕ್ಕೂ ಕಬ್ಬಿಣದ ಬಳೆಗಳು, ಅವುಗಳಲ್ಲಿ ಪೋಣಿಸಿದ ಹಗ್ಗ. ಬಹುಪಾಲು ಕೊಳೆತು ಹೋಗಿತ್ತು. ಉಳಿದ ಕಡೆ ಕೈಗೆ ಗಂಟುಗಳು ಸಿಗುತ್ತಿದ್ದವು.

"ಇದೇನು?"

"ಅಮ್ಮ ಕಟ್ಟಿದ್ದು. ಸಿನಿಮಾ ನಡೀವಾಗ ದೀಪ ಹಾಕೋ ಹಾಗಿರ್ಲಿಲ್ವಲ್ಲ. ಪ್ರತಿ ರಾತ್ರಿ ಕತ್ತಲೇನೇ. ನಾವು ಬೀಳಬಾರದು ಅಂತ ಮನೆಯೆಲ್ಲ ಹಗ್ಗ ಎಳೆದಿದ್ಲು. ಒಂದು ಗಂಟು ಬಂದ್ರೆ ಅಡುಗೆಮನೆ, ಎರಡು ಬಂದ್ರೆ ನನ್ನ ಹಾಸಿಗೆ, ಮೂರು ಅಪ್ಪನ ಬಣ್ಣದ ಕೋಣೆ. ಕತ್ತಲಲ್ಲೇ ಬಡಿಸೋಳು, ಕತ್ತಲಲ್ಲೇ ತಲೆ ಬಾಚೋಳು. ಹೊರಗೆ ಸಾವಿರ ಜನ ನಮ್ಮ ಗೋಡೆ ನೋಡ್ತಾ ಕೂತಿರೋರು, ಒಳಗೆ ನಾವು ಉಸಿರು ಬಿಗಿ ಹಿಡ್ಕೊಂಡು ರೊಟ್ಟಿ ತಿನ್ನೋವು."

ಅವನು ಹಗ್ಗ ಹಿಡಿದವನು ಹಾಗೇ ನಿಂತ. ಅತ್ತೆ ಕೊನೆಯ ವರ್ಷಗಳಲ್ಲಿ ಇವರ ಮನೆಯಲ್ಲೇ ಇದ್ದಳು. ಮುಸ್ಸಂಜೆಯಾದರೆ ಸಾಕು, ಒಂದೊಂದೇ ದೀಪ ಆರಿಸುತ್ತ ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದಳು. ಜಿಪುಣತನ ಎಂದುಕೊಂಡಿದ್ದ. "ಕರೆಂಟು ಬಿಲ್ಲು ನಾನೇ ಕಟ್ಟೋದು, ಹಾಕ್ಕೊಳಿ ಅತ್ತೆ" ಎಂದು ಹಿಂದೆಯೇ ಹೋಗಿ ಟಪಟಪ ಸ್ವಿಚ್ಚು ಒತ್ತುತ್ತಿದ್ದ. ಅವಳು ಬೆಳಕಿನಲ್ಲಿ ಸಿಕ್ಕಿಬಿದ್ದವಳಂತೆ ಕಣ್ಣು ಕಿರಿದಾಗಿಸಿ, ಆಯ್ತಪ್ಪ, ಆಯ್ತು ಎನ್ನುತ್ತಿದ್ದಳು. ಒಂದು ದಿನ ಊಟದ ನಡುವೆ ಕರೆಂಟು ಹೋಗಿ, ಅವನು ಮೇಣದ ಬತ್ತಿಗೆ ತಡಕಾಡುತ್ತ ಲೋಟ ಉರುಳಿಸಿದ್ದ. ಕತ್ತಲಲ್ಲಿ ಯಾರೋ ಸದ್ದಿಲ್ಲದೆ ಬಂದು, ಹನಿ ಚೆಲ್ಲದೆ, ಅವನ ತಟ್ಟೆಗೆ ಸಾರು ಬಡಿಸಿ, ಲೋಟ ಎತ್ತಿಟ್ಟು, ನೀರು ತುಂಬಿ, ಅವನ ಬೆರಳಿಗೆ ತಾಗಿಸಿ ಹೋಗಿದ್ದರು. ದೀಪ ಬಂದಾಗ ನೋಡಿದರೆ ಅತ್ತೆ ಮೂಲೆಯಲ್ಲಿ ಕೈಕಟ್ಟಿ ಕೂತಿದ್ದಳು. ಅವನು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಊರಿನಲ್ಲೇ ಅತ್ಯಂತ ಬೆಳಕಿದ್ದ ಗೋಡೆಯ ಹಿಂದೆ ಒಬ್ಬ ಹೆಂಗಸು ಕತ್ತಲಲ್ಲಿ ಸಂಸಾರ ಮಾಡಿ, ಮಗಳನ್ನು ಒಂದು ಸಲವೂ ಬೀಳಿಸದೆ ದೊಡ್ಡವಳನ್ನಾಗಿ ಮಾಡಿದ್ದಳು. ಅವಳನ್ನು ಅವನು ವಿದ್ಯುತ್ತಿನ ಯೂನಿಟ್ಟುಗಳಲ್ಲಿ ಅಳೆದಿದ್ದ.

"ಈ ಹಗ್ಗದ ವಿಷಯ ನೀನು ಯಾವತ್ತೂ ಹೇಳ್ಲೇ ಇಲ್ಲ," ಎಂದ. ದೂರಿನ ದನಿ ಬರಬಾರದೆಂದುಕೊಂಡರೂ ಬಂತು.

ಅವಳು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ನೀವು ನಂಬೋ ಅಷ್ಟನ್ನೇ ಹೇಳ್ತಿದ್ದೆ," ಎಂದಳು. ಸಿಟ್ಟಿರಲಿಲ್ಲ. "ಅದರಲ್ಲೂ ಅರ್ಧ ತೆಗೆದುಬಿಡ್ತಿದ್ರಿ."

ಮಧ್ಯದ ಕೋಣೆಯಲ್ಲಿ ಅವಳು ಬಹಳ ಹೊತ್ತು ಇರಲಿಲ್ಲ. ಹಾಸಿಗೆಯಿದ್ದ ಮೂಲೆಯಲ್ಲಿ ಸುಮ್ಮನೆ ಒಮ್ಮೆ ಕೂತಳು, ಎದ್ದು ಕೈ ಕೊಡವಿಕೊಂಡಳು. ಏನನ್ನೂ ಎತ್ತಿಕೊಳ್ಳಲಿಲ್ಲ. ಗುತ್ತಿಗೆದಾರ ಒಂದು ಚೂರು ಹಗ್ಗ ಬೇಕಾದರೆ ಕತ್ತರಿಸಿಕೊಡುತ್ತೇನೆ ಅಂದಾಗ, ಬೇಡಪ್ಪ, ಅದು ಅಲ್ಲಿದ್ದರೇನೇ ಅರ್ಥ ಅಂದಳು. ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ ಅವನು, ಏನಮ್ಮಾ ಇದರೊಳಗೆ ಬಾಳಿದ್ರಾ ನೀವು ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಕೆಲಸಗಾರರು ಸಾಲಾಗಿ ಒಳಗೆ ಇಣುಕಿ ನೋಡುತ್ತಿದ್ದರು.

ಕಾರಿನ ಹತ್ತಿರ ಬರುವಾಗ ಅವನಿಗೆ ಏನೋ ಹೊಳೆಯಿತು.

"ನೀನು ಇಲ್ಲಿ ಕಾರಲ್ಲಿ ಕೂತು ಸಿನಿಮಾ ನೋಡಿದೀಯಾ?"

"ನಮ್ಮತ್ರ ಎಲ್ಲಿತ್ತು ಕಾರು? ಪರದೆ ಬುಡದಲ್ಲಿ ಉಯ್ಯಾಲೆ ಇತ್ತು, ಅಲ್ಲಿ ಕೂತು ಕತ್ತೆತ್ತಿ ನೋಡ್ತಿದ್ದೆ. ಹೀರೋ ಹೀರೋಯಿನ್ ಎಲ್ಲರದೂ ಬರೀ ಗದ್ದ ಕಾಣೋದು."

ಅವನು ಗುತ್ತಿಗೆದಾರನ ಕಡೆ ಕೈಯೆತ್ತಿ, ಒಂದು ಹತ್ತು ನಿಮಿಷ, ಎಂದು ಸನ್ನೆ ಮಾಡಿದ. ಹೆಂಡತಿಯನ್ನು ಕೂರಿಸಿಕೊಂಡು ಕಾರನ್ನು ನಡುಸಾಲಿನ ಒಂದು ದಿಬ್ಬಕ್ಕೆ ಹತ್ತಿಸಿದ. ಸರಿಯಾಗಲಿಲ್ಲ, ಹಿಂದಕ್ಕೆ ತೆಗೆದು ಮತ್ತೆ ಹತ್ತಿಸಿದ. ಮುಂದಿನ ಚಕ್ರಗಳು ದಿಬ್ಬದ ನೆತ್ತಿ ತಲುಪಿದಾಗ ಕಾರಿನ ಮೂಗು ಮೇಲಕ್ಕೆದ್ದು ಇಬ್ಬರೂ ಸೀಟಿಗೆ ಒರಗಿಕೊಂಡರು. ಎದುರಿನ ಗಾಜಿನೊಳಗೆ ಪರದೆ, ಅಂಚಿಗೆ ಅಂಚು, ಕೂತಿತು. ಮುಂದೊಂದು ಕಾರಿದ್ದರೂ ಅಡ್ಡ ಬರದಂತೆ, ಕತ್ತು ನೋಯದಂತೆ, ಯಾರೋ ಒಬ್ಬ ಬಯಲಲ್ಲಿ ನಿಂತು ಈ ಓರೆಯನ್ನು ಯೋಚಿಸಿದ್ದ. ಎಷ್ಟು ಚೆನ್ನಾಗಿ ಅಳೆದಿದ್ದಾನೆ ಎಂದುಕೊಂಡ ಅವನು. ಈ ಸಲ ಬಾಯಿಬಿಟ್ಟೇ ಹೇಳಿದ.

"ಎಷ್ಟು ಚೆನ್ನಾಗಿ ಅಳೆದಿದಾನೆ ನೋಡು ಪುಣ್ಯಾತ್ಮ."

ಅವಳು ನಕ್ಕಳು. ಸ್ವಲ್ಪ ಹೊತ್ತು ಇಬ್ಬರೂ ಖಾಲಿ ಪರದೆಯನ್ನು ನೋಡಿದರು. ಅದರ ನೆತ್ತಿಯ ಮೇಲೆ ಈಗ ಇಬ್ಬರು ಕೆಲಸಗಾರರು ಹತ್ತಿ, ಇರುವೆಗಳಂತೆ, ಮೊದಲ ಹಾಳೆಯ ಮೊಳೆ ಕೀಳುತ್ತಿದ್ದರು.

"ಹೂಂ, ಹೇಳಿ," ಎಂದಳು.

"ಏನು?"

"ಬಾಗಿಲು ತಟ್ಟಿದ್ರಲ್ಲ. ಯಾರು ತೆಗೆದ್ರು?"

ಅವನ ಕಿವಿ ಮತ್ತೆ ಬಿಸಿಯಾಯಿತು. ಅವಳ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದಳು. ಅವಳ ಶಾಲೆಯ ಮಕ್ಕಳು ಕತೆಗೆ ಕಾದು ಕೂರುತ್ತಿದ್ದದ್ದು ಹೀಗೇ ಇರಬೇಕು.

"ನಿಮ್ಮಮ್ಮ ತೆಗೆದ್ರು," ಎಂದ.

"ಏನಂದ್ರು?"

"ಸಿನಿಮಾ ನಡೀತಿದೆ, ದೀಪ ಹಾಕೋ ಹಾಗಿಲ್ಲ, ಹುಷಾರಾಗಿ ಬನ್ನಿ ಅಂದ್ರು." ತಡೆದ. ಪರದೆಯ ಕಡೆ ತಿರುಗಿದ. "ನನ್ನ ಕೈ ಹಿಡಿದು ಹಗ್ಗದ ಮೇಲಿಟ್ರು. ನಾನು ಅದನ್ನೇ ಹಿಡ್ಕೊಂಡು ಹತ್ತಿದೆ. ಮೂರು ಗಂಟು ಬಂತು, ಅಲ್ಲಿ ನೀನಿದ್ದೆ."

"ಎರಡು."

"ಎರಡು ಗಂಟು ಬಂತು," ಎಂದು ಅವನು ತಿದ್ದಿಕೊಂಡ. "ಅಲ್ಲಿ ನೀನಿದ್ದೆ."

"ಕತ್ತಲಲ್ಲಿ ನಾನೇ ಅಂತ ಹೇಗೆ ಗೊತ್ತಾಯ್ತು?"

ಅವನು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತ. ಇಷ್ಟು ವರ್ಷದಲ್ಲಿ ಇಲ್ಲದ್ದೊಂದನ್ನು ಹುಟ್ಟಿಸಿ ಯಾರಿಗೂ ಹೇಳಿದವನಲ್ಲ. ಅದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ.

"ತಾಳು," ಎಂದ. "ಯೋಚನೆ ಮಾಡಿ ಹೇಳ್ತೀನಿ."

ಅವಳು ಸೀಟಿನ ಕೆಳಗೆ ಕೈಹಾಕಿ, ಅದನ್ನು ಒಂದಿಷ್ಟು ಹಿಂದಕ್ಕೆ ಜಾರಿಸಿಕೊಂಡು, ಕಾಲು ಚಾಚಿ ಕೂತಳು.